ಅಟ್ಟದಲ್ಲಿ 5 ವರ್ಷ ಮಲಗಿದ್ದ ಸ್ಕೂಬಾ ಸೆಟ್: ಸರ್ವಿಸ್ ಮಾಡಿಸಲಾ, ಹೊಸದೇ ತಗೊಳ್ಳಲಾ?

ವಿದ್ಯಾನಗರದ ಅಪ್ಪ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಸಮುದ್ರದಿಂದ ತುಂಬ ದೂರ ಇರುವ ಊರಿನವನು ನಾನು, ಇಲ್ಲಿ ಡೈವಿಂಗ್ ಬಗ್ಗೆ ಕೇಳಲು ಪಕ್ಕದ ಮನೆಯವರೂ ಇಲ್ಲ, ಅಂಗಡಿಯೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2012ರಲ್ಲಿ ಬೆಂಗಳೂರಲ್ಲಿ ಕೆಲಸದಲ್ಲಿದ್ದೆ. ಆಗ ಕೈಯಲ್ಲಿ ಒಂದಿಷ್ಟು ದುಡ್ಡು ಕೂಡಿತ್ತು, ಪೂರ್ತಿ ಸೆಟ್ ಹೊಸದಾಗಿ ತಗೊಂಡೆ. ಸ್ಕೂಬಾಪ್ರೊ ಎಂಕೆ2 ಪ್ಲಸ್ ಫಸ್ಟ್ ಸ್ಟೇಜ್ (ಸಿಲಿಂಡರ್‌ಗೆ ಕೂರುವ ಭಾಗ), ಆರ್195 ಸೆಕೆಂಡ್ ಸ್ಟೇಜ್ (ಬಾಯಿಗಿಡುವ ಭಾಗ), ಒಂದು ಹಳದಿ ಆಕ್ಟೋಪಸ್ (ತುರ್ತಿಗೆ ಇರುವ ಇನ್ನೊಂದು ಸೆಕೆಂಡ್ ಸ್ಟೇಜ್), ಈ ಮೂರೂ ಸೇರಿದರೆ ಉಸಿರಾಡುವ ರೆಗ್ಯುಲೇಟರ್. ಜೊತೆಗೆ ಪ್ರೆಷರ್ ಮೀಟರ್, ಬಿಸಿಡಿ ಜಾಕೆಟ್ (ಗಾಳಿ ತುಂಬಿ ತೇಲಲು, ಇಳಿಯಲು), ಕೈಗೆ ಕಟ್ಟುವ ಡೈವ್ ಕಂಪ್ಯೂಟರ್, 3 ಎಂಎಂ ವೆಟ್‌ಸೂಟ್, ಮಾಸ್ಕ್, ಫಿನ್ಸ್. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ, ಅಂಡಮಾನಿನ ಹ್ಯಾವ್‌ಲಾಕ್ ಎಲ್ಲಾ ಸೇರಿ 62 ಡೈವ್ ಆಗಿದೆ. ಕೊನೇ ಡೈವ್ 2020ರ ಜನವರಿಯಲ್ಲಿ. ಅದಾದ ಮೇಲೆ ಕೊರೊನಾ ಬಂತು, ಕೆಲಸ ಬಿಟ್ಟು ಊರಿಗೆ ಬಂದೆವು, ಸೆಟ್ ಬ್ಯಾಗಿನಲ್ಲೇ ಅಟ್ಟ ಸೇರಿತು. ಕೊನೇ ಸಲ ಸರ್ವಿಸ್ ಆಗಿದ್ದು 2018ರಲ್ಲಿ.

ಈಗ ಯಾಕೆ ಕೇಳುತ್ತಿದ್ದೇನೆ ಅಂದರೆ, ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ರಜೆಯಲ್ಲಿ ಮುರ್ಡೇಶ್ವರದಲ್ಲಿ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮಾಡಿದಳು. ಜನವರಿಯಲ್ಲಿ ಇಬ್ಬರೂ ಒಟ್ಟಿಗೆ ನೇತ್ರಾಣಿಗೆ ಇಳಿಯಬೇಕು ಅಂತ ಆಸೆ. ಅವಳಿಗಂತೂ ನನ್ನ ಹಳೇ ರೆಗ್ಯುಲೇಟರೇ ಬೇಕಂತೆ. "ನೀವು ಅದರಲ್ಲೇ ಉಸಿರಾಡಿದ್ದಲ್ವಾ ಅಪ್ಪಾ, ನನಗೂ ಅದೇ ಇರಲಿ" ಅಂದಳು. ಅಲ್ಲಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ನಾನೊಬ್ಬನೇ ಆಗಿದ್ದರೆ ಇಷ್ಟು ಯೋಚಿಸುತ್ತಿರಲಿಲ್ಲವೇನೋ.

ಬೆಂಗಳೂರಿನ ಒಂದು ಕಡೆ ಫೋನ್ ಮಾಡಿ ಕೇಳಿದೆ. ರೆಗ್ಯುಲೇಟರಿನ ಮೂರೂ ಭಾಗ ಬಿಚ್ಚಿ ಸರ್ವಿಸ್ ಮಾಡಿ ಕಿಟ್ (ಬದಲಿಸುವ ಒಳಭಾಗಗಳ ಪ್ಯಾಕ್) ಹಾಕಲು ಸುಮಾರು 11,500 ಆಗುತ್ತದೆ ಅಂದರು. ಇನ್ನೊಂದು ಅಂಗಡಿಯವರು ಸೆಟ್ಟಿನ ವಯಸ್ಸು ಕೇಳಿದ ಕೂಡಲೇ, ಮುಟ್ಟಿಯೂ ನೋಡದೆ, "ಸರ್ ಅದು ಗುಜರಿಗೆ ಹಾಕಿ, ಹೊಸ ರೆಗ್ಯುಲೇಟರ್ ಸೆಟ್ 48,000ಕ್ಕೆ ಕೊಡುತ್ತೇವೆ" ಅಂದರು. ಜಾಕೆಟ್ ಬೇರೆ ಲೆಕ್ಕ.

ದುಡ್ಡಿನ ಪ್ರಶ್ನೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ, 13 ವರ್ಷದ ಹಳೇ ರೆಗ್ಯುಲೇಟರನ್ನು ಸರ್ವಿಸ್ ಮಾಡಿಸಿದರೆ ಅದು ನಿಜವಾಗಿಯೂ ಹೊಸದರಷ್ಟು ನಂಬಿಕೆಗೆ ಯೋಗ್ಯವಾ? ಅನುಭವ ಇದ್ದವರು ಹೇಳಿ.

---

ಕೋಟೆ ಹುಡುಗಿ, ಚಿತ್ರದುರ್ಗ (ಈಗ ಅಂಡಮಾನ್)

ಸರ್, ನಮಸ್ಕಾರ. ನಾನು ದುರ್ಗದವಳೇ. ಅಂಡಮಾನ್‌ನಲ್ಲಿ ಡೈವ್ ಇನ್‌ಸ್ಟ್ರಕ್ಟರ್ ಆಗಿ ಕೆಲಸ ಮಾಡುತ್ತಿದ್ದೇನೆ. ರೆಗ್ಯುಲೇಟರ್ ಸರ್ವಿಸ್ ತರಬೇತಿಯೂ ಆಗಿದೆ.

ಮೊದಲು ಒಂದು ಮಾತು. "ಸೆಟ್" ಅಂತ ಒಂದೇ ವಸ್ತು ಇಲ್ಲ. ಒಂದೇ ದಿನ ತಗೊಂಡಿರಿ, ಒಂದೇ ಬ್ಯಾಗಿನಲ್ಲಿ ಇಟ್ಟಿರಿ, ಆದರೆ ಅದರಲ್ಲಿ ಒಂದೊಂದಕ್ಕೂ ಒಂದೊಂದು ಆಯಸ್ಸು. ಹಿತ್ತಾಳೆಯ ಮೈ ಇರುವ ಫಸ್ಟ್ ಸ್ಟೇಜ್ ಇಪ್ಪತ್ತು ಮೂವತ್ತು ವರ್ಷ ಆರಾಮಾಗಿ ಬಾಳುತ್ತದೆ. ಅದರೊಳಗಿನ ರಬ್ಬರ್ ಬಾಳುವುದಿಲ್ಲ. ಸರ್ವಿಸ್ ಅಂದರೆ ಆ ಒಳಗಿನ ಓ-ರಿಂಗ್ (ಉಂಗುರದಂಥ ರಬ್ಬರ್ ಸೀಲ್), ಸೀಟ್ (ಗಾಳಿಯ ದಾರಿ ಮುಚ್ಚುವ ಸಣ್ಣ ತುಂಡು), ಫಿಲ್ಟರ್ ಎಲ್ಲಾ ಕಿತ್ತು ಹೊಸದು ಹಾಕುವುದು. ಹಾಗಾಗಿ ಸರಿಯಾಗಿ ಸರ್ವಿಸ್ ಆದ ಹಳೇ ರೆಗ್ಯುಲೇಟರಿನಲ್ಲಿ ಕೆಲಸ ಮಾಡುವ ಭಾಗಗಳು ಬಹುಪಾಲು ಹೊಸವೇ. ವಯಸ್ಸು ಕೇಳಿ ಗುಜರಿ ಅಂದವರ ಮಾತು ಬಿಡಿ. ಕೇಳಬೇಕಾದ ಪ್ರಶ್ನೆ ಎರಡೇ: ಈ ಮಾಡೆಲ್‌ಗೆ ಕಂಪನಿಯ ಕಿಟ್ ಇನ್ನೂ ಸಿಗುತ್ತದಾ, ಮೈಗೆ ತುಕ್ಕು-ಗುಳಿ ಬಿದ್ದಿದೆಯಾ. ಎಂಕೆ2 ತುಂಬ ವರ್ಷಗಳಿಂದ ಇರುವ, ಸರಳ ಪಿಸ್ಟನ್ ವಿನ್ಯಾಸ. ಕಿಟ್‌ಗೆ ತೊಂದರೆ ಆಗಲಾರದು. ಆದರೂ ಕೊಡುವ ಮೊದಲೇ "ನನ್ನ ಮಾಡೆಲ್‌ನ ಕಿಟ್ ನಿಮ್ಮ ಕೈಯಲ್ಲಿದೆಯಾ" ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ.

ಆದರೆ ಸರ್, ಈಗ ಇರುವ ಸ್ಥಿತಿಯಲ್ಲಿ ಅದನ್ನು ನೀರಿಗೆ ಒಯ್ಯಲೇಬೇಡಿ, ಈಜುಕೊಳಕ್ಕೂ ಬೇಡ. ಬಹಳ ಕಂಪನಿಗಳು 1 ಅಥವಾ 2 ವರ್ಷಕ್ಕೊಮ್ಮೆ, ಇಲ್ಲವೇ 100 ಡೈವ್‌ಗೆ, ಯಾವುದು ಮೊದಲೋ ಆಗ ಸರ್ವಿಸ್ ಮಾಡಿಸಿ ಅನ್ನುತ್ತವೆ. "ಐದು ವರ್ಷ ಉಪಯೋಗಿಸೇ ಇಲ್ಲವಲ್ಲ, ಸವೆಯುವುದು ಹೇಗೆ" ಅಂತ ಬಹಳ ಜನ ಕೇಳುತ್ತಾರೆ. ಸುಮ್ನೆ ಇಟ್ಟರೂ ಸವೆಯುತ್ತದೆ. ಗಾಳಿಯ ಒತ್ತಡ ಇಲ್ಲದಾಗ ಸೆಕೆಂಡ್ ಸ್ಟೇಜ್ ಒಳಗಿನ ಸ್ಪ್ರಿಂಗ್ ಮೆತ್ತಗಿನ ಸೀಟನ್ನು ಲೋಹದ ಅಂಚಿಗೆ ಒತ್ತಿಯೇ ಹಿಡಿದಿರುತ್ತದೆ. ಐದು ವರ್ಷ ಹಾಗೆ ಒತ್ತಿದರೆ ಸೀಟಿನ ಮೇಲೆ ಉಂಗುರದಂತೆ ಗೀರು ಬೀಳುತ್ತದೆ. ಜೊತೆಗೆ ನಮ್ಮ ಕಡೆಯ ಬಿಸಿಲು. ಏಪ್ರಿಲ್ ತಿಂಗಳಲ್ಲಿ ಅಟ್ಟ ಎಷ್ಟು ಕಾಯುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ನನಗೆ ಆಗಿದ್ದು ಹೇಳುತ್ತೇನೆ. ಇನ್‌ಸ್ಟ್ರಕ್ಟರ್ ಆಗುವ ಮೊದಲಿನ ಮಾತು. ಪರಿಚಯದವರ ರೆಗ್ಯುಲೇಟರ್ ಕೇಳಿ ಪಡೆದು ನೇತ್ರಾಣಿಗೆ ಹೋಗಿದ್ದೆ. ಅದಕ್ಕೆ ಸರ್ವಿಸ್ ಆಗಿ ಎಷ್ಟೋ ವರ್ಷ ಆಗಿತ್ತಂತೆ, ನಾನು ಕೇಳಲೇ ಇಲ್ಲ. ದೋಣಿಯ ಮೇಲೆ ಸಿಲಿಂಡರ್ ತೆರೆದಾಗ ಬಾಯಿಗಿಡುವ ಭಾಗದಿಂದ ಸಣ್ಣಗೆ ಸುಯ್ ಅಂತ ಸದ್ದು. ಒಂದೆರಡು ಸಲ ತಟ್ಟಿದೆ, ನಿಂತಿತು, ಸರಿ ಹೋಯಿತು ಅಂದುಕೊಂಡೆ. 17 ಮೀಟರ್‌ನಲ್ಲಿ ಇದ್ದಾಗ ಒಮ್ಮೆಲೇ ಗಾಳಿ ಬಾಯಿಂದ ಹೊರಗೆ ನುಗ್ಗಲು ಶುರುವಾಯಿತು, ಕಣ್ಣ ಮುಂದೆ ಬರೀ ಗುಳ್ಳೆ. ರೆಗ್ಯುಲೇಟರ್‌ಗಳ ವಿನ್ಯಾಸವೇ ಹಾಗೆ, ಕೆಟ್ಟರೆ ಬಹುಮಟ್ಟಿಗೆ ಗಾಳಿ ನಿಲ್ಲುವುದಿಲ್ಲ, ಬದಲು ತಡೆಯಿಲ್ಲದೆ ಸುರಿಯುತ್ತದೆ. ಉಸಿರು ಸಿಗುತ್ತದೆ, ಆದರೆ ಸಿಲಿಂಡರ್ ಕೆಲವೇ ನಿಮಿಷದಲ್ಲಿ ಖಾಲಿ. 140 ಬಾರ್ ಒತ್ತಡ ತೋರಿಸುತ್ತಿದ್ದ ಮೀಟರ್ ನೋಡನೋಡುತ್ತಾ ಇಳಿಯಿತು. ಜೊತೆಗಾರ ಎರಡು ಮಾರು ದೂರದಲ್ಲಿದ್ದ, ಪುಣ್ಯ. ಅವನ ಆಕ್ಟೋಪಸ್ ಕಚ್ಚಿಕೊಂಡು ಇಬ್ಬರೂ ನಿಧಾನಕ್ಕೆ ಮೇಲೆ ಬಂದೆವು. ಆಮೇಲೆ ಬಿಚ್ಚಿ ನೋಡಿದಾಗ ಫಸ್ಟ್ ಸ್ಟೇಜಿನ ಸೀಟ್ ಸವೆದಿತ್ತು. ಒಂದು ಉಗುರಿನಷ್ಟು ಪ್ಲಾಸ್ಟಿಕ್ ತುಂಡು ಅದು. ದೋಣಿಯ ಮೇಲಿನ ಆ ಸುಯ್ ಸದ್ದೇ ಅದು ಹೇಳುತ್ತಿದ್ದ ಮಾತು, ನಾನು ಕೇಳಿಸಿಕೊಳ್ಳಲಿಲ್ಲ.

ಯಾಕೆ ಹಾಗಾಗುತ್ತದೆ ಅಂದರೆ, ಫಸ್ಟ್ ಸ್ಟೇಜ್ ಸಿಲಿಂಡರಿನ 200 ಬಾರ್ ಒತ್ತಡವನ್ನು 9-10 ಬಾರ್‌ಗೆ ಇಳಿಸಿ ಅಲ್ಲಿಗೇ ನಿಲ್ಲಿಸಬೇಕು. ಸೀಟ್ ಸವೆದಿದ್ದರೆ ಅದು ನಿಲ್ಲುವುದಿಲ್ಲ, 11, 12, 13 ಅಂತ ನಿಧಾನಕ್ಕೆ ಏರುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಸೆಕೆಂಡ್ ಸ್ಟೇಜ್ ತಡೆಯಲಾರದೆ ಬಾಯಿ ಬಿಡುತ್ತದೆ. ಜಾಕೆಟ್‌ನ ಹೋಸಿಗೆ ಸಿಕ್ಕಿಸುವ ಸಣ್ಣ ಮೀಟರ್ ಇರುತ್ತದೆ, ಅದರಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸರ್ವಿಸ್ ಮಾಡುವವರು ಆ ಮೀಟರ್ ಹಾಕಿ ನಿಮ್ಮ ಕಣ್ಣ ಮುಂದೆ ತೋರಿಸಲಿ.

ಮನೆಯಲ್ಲೇ ನೋಡಬಹುದಾದ ಕೆಲವು ಇವೆ. ಸಿಲಿಂಡರ್‌ಗೆ ಕೂರುವ ಜಾಗದ ಒಳಗೆ ಟಾರ್ಚ್ ಬಿಟ್ಟು ಸಣ್ಣ ಫಿಲ್ಟರ್ ನೋಡಿ. ಹಸಿರಾಗಿದ್ದರೆ ಉಪ್ಪುನೀರು ಒಳಗೆ ಹೋಗಿದೆ, ಕೆಂಪಗಿದ್ದರೆ ಯಾವುದೋ ಉಕ್ಕಿನ ಸಿಲಿಂಡರಿನ ತುಕ್ಕು, ಕಪ್ಪಾಗಿದ್ದರೆ ಕಂಪ್ರೆಸರಿನ ಎಣ್ಣೆ ಅಥವಾ ಇಂಗಾಲದ ಪುಡಿ. ಹೋಸುಗಳನ್ನು ಲೋಹ ಸೇರುವ ಜಾಗದಲ್ಲಿ ಮಡಚಿ ನೋಡಿ, ಬಿರುಕು ಮೊದಲು ಕಾಣುವುದು ಅಲ್ಲೇ. ಸಿಲಿಂಡರ್‌ಗೆ ಕೂರುವ ಬಾಯಿಯ ಮುಚ್ಚಳ (ಡಸ್ಟ್ ಕ್ಯಾಪ್) ಬಿಗಿ ಮಾಡಿ ಸೆಕೆಂಡ್ ಸ್ಟೇಜಿನಿಂದ ಉಸಿರು ಎಳೆಯಿರಿ, ಗಾಳಿ ಬರಬಾರದು. ಬಂದರೆ ಎಲ್ಲೋ ಡಯಾಫ್ರಮ್ (ಒಳಗಿನ ತೆಳು ರಬ್ಬರ್ ಪೊರೆ) ಹರಿದಿದೆ, ಅಥವಾ ಬಾಯಿ ಕಚ್ಚುವ ರಬ್ಬರ್ ತೂತಾಗಿದೆ. ಎಳೆಯುವ ಮೊದಲು ಒಳಗೆ ಇಣುಕಿ, ಜಿರಲೆ ಜೇಡ ಗೂಡು ಕಟ್ಟಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಜಾಕೆಟ್ ಬಾಯಿಂದ ಊದಿ ರಾತ್ರಿಯಿಡೀ ಬಿಡಿ.

ನೋಡಿ ಬರೆಯಿರಿ, ಒಂದೊಂದಾಗಿ ಮಾತಾಡೋಣ.

---

ಕಂಪ್ರೆಸರ್ ಮೆಕ್ಯಾನಿಕ್, ಚಿತ್ರದುರ್ಗ

ಅಣ್ಣಾ, ನಾನು ಡೈವಿಂಗ್ ಮಾಡಿದವನಲ್ಲ. ಬೋರ್‌ವೆಲ್ ಗಾಡಿಗಳ ಕಂಪ್ರೆಸರ್ ರಿಪೇರಿಯಲ್ಲೇ 22 ವರ್ಷ ಕಳೆದಿದ್ದೇನೆ. ಅಕ್ಕ ಹೇಳಿದ ಸೀಟಿನ ಮಾತು ನೂರಕ್ಕೆ ನೂರು ನಿಜ. ನಮ್ಮಲ್ಲೂ ದಿನಾ ಓಡುವ ಗಾಡಿಗಿಂತ ಎರಡು ವರ್ಷ ನಿಂತ ಗಾಡಿಯೇ ಜಾಸ್ತಿ ಕಾಟ ಕೊಡುವುದು. ಓ-ರಿಂಗ್ ಒಣಗಿ ಚಪ್ಪಟೆ ಆಗಿರುತ್ತದೆ, ಹೊರಗೆ ತೆಗೆದರೆ ಗುಂಡಗೆ ಇರುವುದಿಲ್ಲ. ಹಾಗೆ ಚಪ್ಪಟೆ ಆದದ್ದು ಮತ್ತೆ ಸೀಲ್ ಮಾಡುವುದಿಲ್ಲ.

ನನಗೊಂದು ಸಂಶಯ. ಓ-ರಿಂಗ್ ಅಂದರೆ ಓ-ರಿಂಗೇ ಅಲ್ವಾ? ಬೇರಿಂಗ್-ಆಯಿಲ್ ಸೀಲ್ ಅಂಗಡಿಯಲ್ಲಿ ಎಲ್ಲಾ ಅಳತೆಯದ್ದೂ ಸಿಗುತ್ತದೆ, ಗಟ್ಟಿತನದಲ್ಲಿ 70 ಶೋರ್, 90 ಶೋರ್, ವೈಟಾನ್ ರಬ್ಬರ್ ಬೇಕಾದರೆ ವೈಟಾನ್. ಅಣ್ಣ ಬಿಚ್ಚಿ ತಂದರೆ ಅಳತೆ ತೆಗೆದು ಹಾಕಿಕೊಡುವುದು ನನಗೆ ಕಷ್ಟ ಅಲ್ಲ, ದುಡ್ಡೂ ಬೇಡ. ಇದು ಸರಿಯಾ ತಪ್ಪಾ ಅಕ್ಕಾ ನೀವೇ ಹೇಳಿ.

ಇನ್ನೊಂದು ವಿಷಯ ಕೇಳದೇ ಹೇಳುತ್ತೇನೆ. ನಮ್ಮ ಕಡೆ ಯಾರಾದರೂ "ಬೋರ್ ಗಾಡಿ ಕಂಪ್ರೆಸರ್‌ನಿಂದ ಸಿಲಿಂಡರ್‌ಗೆ ಗಾಳಿ ತುಂಬಿಸಿ ಕೊಡು" ಅಂದರೆ ದಯವಿಟ್ಟು ಯಾರೂ ತುಂಬಿಸಬೇಡಿ. ನಮ್ಮ ಗಾಳಿಯಲ್ಲಿ ಎಣ್ಣೆ ಇರುತ್ತದೆ, ಪಕ್ಕದಲ್ಲೇ ಡೀಸೆಲ್ ಇಂಜಿನ್ ಹೊಗೆ ಬೇರೆ. ಮನುಷ್ಯ ಉಸಿರಾಡುವ ಗಾಳಿ ಅಲ್ಲ ಅದು. ಒತ್ತಡವೂ ಸಾಲದು, ನಮ್ಮದು 300-350 ಪಿಎಸ್ಐ, ಇವರಿಗೆ ಬೇಕಾದ್ದು 3,000.

---

ಕೋಟೆ ಹುಡುಗಿ, ಚಿತ್ರದುರ್ಗ (ಈಗ ಅಂಡಮಾನ್)

ಅಣ್ಣಾ, ಕೊನೇ ಮಾತು ಹೇಳಿದಿರಲ್ಲ, ಅದಕ್ಕೆ ಕೈ ಮುಗಿಯುತ್ತೇನೆ. ನೀರಿನ ಆಳದಲ್ಲಿ ಹೊಗೆಯ ವಿಷ ಇನ್ನೂ ಜೋರಾಗಿ ಏರುತ್ತದೆ. ಇದಕ್ಕೆ ಇನ್ನೊಂದು ಸೇರಿಸುತ್ತೇನೆ: ವೆಲ್ಡಿಂಗ್ ಅಂಗಡಿಯ ಅಥವಾ ಆಸ್ಪತ್ರೆಯ ಆಕ್ಸಿಜನ್ನೂ ತುಂಬಿಸಬಾರದು. ಸ್ಕೂಬಾ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಬರೀ ಗಾಳಿ, ಶೋಧಿಸಿ ಒಣಗಿಸಿದ ಗಾಳಿ. ಶುದ್ಧ ಆಕ್ಸಿಜನ್ ಉಸಿರಾಡಿಕೊಂಡು 6 ಮೀಟರ್ ದಾಟಿದರೆ ಫಿಟ್ಸ್ ಬಂದು ನೀರಲ್ಲೇ ಪ್ರಾಣ ಹೋಗಬಹುದು.

ಓ-ರಿಂಗ್ ಬಗ್ಗೆ. ಹೊರಗಿನ ಒಂದೆರಡು ಓ-ರಿಂಗ್ ಅಂಗಡಿಯದ್ದು ಸರಿಹೊಂದಬಹುದು, ಅದು ನಿಜ. ಆದರೆ ಒಳಗಿನ ಸೀಟ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಯಾವ ಜಾಗಕ್ಕೆ ಎಷ್ಟು ಗಟ್ಟಿ, ಯಾವ ರಬ್ಬರ್ ಅಂತ ಕಂಪನಿಯ ಪಟ್ಟಿಯಲ್ಲೇ ಇರುತ್ತದೆ. ಗ್ರೀಸ್ ಕೂಡ ಬೇರೆ, ಗಾಡಿಗೆ ಹಾಕುವುದು ಇಲ್ಲಿ ಬರಲೇಬಾರದು, ಅದರ ಆವಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಜೋಡಿಸಿದ ಮೇಲೆ ಒತ್ತಡ ಹೊಂದಿಸಿ ಅಳೆಯಬೇಕು. ನಿಮ್ಮ ಕೈ ನನಗಿಂತ ಪಳಗಿದ ಕೈ ಅಂತ ಗೊತ್ತಾಗುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಇದು ಈ ಮಾಡೆಲ್ ಬಿಚ್ಚಿ ಕಲಿತವರ ಕೈಗೇ ಹೋಗಲಿ.

---

ವಿದ್ಯಾನಗರದ ಅಪ್ಪ, ದಾವಣಗೆರೆ

ಮೇಡಂ, ನಿನ್ನೆ ಎಲ್ಲಾ ಕೆಳಗಿಳಿಸಿ ಮಗಳ ಜೊತೆ ಕೂತು ನೋಡಿದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಫಿಲ್ಟರ್ ಅಂಚಿನಲ್ಲಿ ಸ್ವಲ್ಪ ಹಸಿರು. ನಡುವೆ ಚೆನ್ನಾಗಿದೆ. ಫಸ್ಟ್ ಸ್ಟೇಜಿನ ಮೈಮೇಲಿನ ಸಣ್ಣ ತೂತುಗಳಲ್ಲಿ ಬಿಳಿ ಬಿಳಿ ಪುಡಿ ಗಟ್ಟಿಯಾಗಿದೆ. ಎಳೆದು ನೋಡಿದರೆ ಮುಖ್ಯ ಸೆಕೆಂಡ್ ಸ್ಟೇಜ್ ಸರಿ ಇದೆ, ಆಕ್ಟೋಪಸ್‌ನಲ್ಲಿ ಗಾಳಿ ಬರುತ್ತದೆ. ಹೋಸುಗಳಲ್ಲಿ ಎರಡಕ್ಕೆ ಬುಡದಲ್ಲಿ ಕೂದಲೆಳೆಯಂಥ ಬಿರುಕು. ಪ್ರೆಷರ್ ಮೀಟರ್ ಏನೂ ಜೋಡಿಸದೇ ಇದ್ದರೂ ಮುಳ್ಳು ಸೊನ್ನೆಗೆ ಬರುತ್ತಿಲ್ಲ, 10ರ ಹತ್ತಿರ ನಿಂತಿದೆ.

ಜಾಕೆಟ್ ಊದಿ ಬಿಟ್ಟೆ, ಬೆಳಿಗ್ಗೆ ಎದ್ದಾಗ ಅರ್ಧ ಇಳಿದಿತ್ತು. ಜಾಕೆಟ್‌ಗೆ ಗಾಳಿ ತುಂಬುವ ಇನ್‌ಫ್ಲೇಟರ್ ಗುಂಡಿ ಒತ್ತಿದರೆ ತಟ್ಟನೆ ವಾಪಸ್ ಬರುವುದಿಲ್ಲ, ಬೆರಳಲ್ಲಿ ಎತ್ತಬೇಕು. ಒಳಗೆ ಕೈಗೆ ಅಂಟುಅಂಟು ಅನ್ನಿಸುತ್ತದೆ. ವೆಟ್‌ಸೂಟ್ ಮಂಡಿಯ ಜಾಗದಲ್ಲಿ ಹಲಗೆಯ ಹಾಗೆ ಆಗಿದೆ. ಕಂಪ್ಯೂಟರಿನ ಸೆಲ್ ಸತ್ತಿದೆ. ಮಾಸ್ಕಿನ ಸಿಲಿಕೋನ್ ಹಳದಿ ಆಗಿದೆ ಅಷ್ಟೇ, ಮುಖಕ್ಕೆ ಒತ್ತಿದರೆ ಹಿಡಿಯುತ್ತದೆ. ಫಿನ್ಸ್ ಗಟ್ಟಿಮುಟ್ಟಾಗಿವೆ.

ಆ ಬಿಳಿ ಪುಡಿ ಉಪ್ಪಾ?

---

ಕೋಟೆ ಹುಡುಗಿ, ಚಿತ್ರದುರ್ಗ (ಈಗ ಅಂಡಮಾನ್)

ಸ್ವಲ್ಪ ಉಪ್ಪಿರಬಹುದು. ಆದರೆ ನೀವು ಊರಿಗೆ ಬಂದ ಮೇಲೆ ಬೋರಿನ ನೀರಲ್ಲಿ ತೊಳೆದಿದ್ದೀರಾ? ನಲ್ಲಿ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಗಡಸು ನೀರಿನ ಸುಣ್ಣ ಅದೇ ಇದು. ಎಂಕೆ2ನಲ್ಲಿ ಸ್ಪ್ರಿಂಗ್ ಇರುವ ಕೋಣೆ ನೀರಿಗೆ ತೆರೆದೇ ಇರುತ್ತದೆ, ಆ ತೂತುಗಳಿಂದ ನೀರು ಒಳಗೆ ಬಂದೇ ಅದಕ್ಕೆ ಆಳ ಗೊತ್ತಾಗುವುದು. ಹಾಗಾಗಿ ಅಲ್ಲಿ ಕಟ್ಟಿದ್ದನ್ನು ಬಿಚ್ಚಿಯೇ ತೆಗೆಯಬೇಕು. ಸರ್ವಿಸ್‌ನಲ್ಲಿ ಅಲ್ಟ್ರಾಸೋನಿಕ್ ತೊಟ್ಟಿಗೆ ಹಾಕಿ ತೆಗೆಯುತ್ತಾರೆ. ಮುಂದೆ ತುಂಗಭದ್ರಾ ನಲ್ಲಿ ನೀರು ಬಂದ ದಿನ ಹಿಡಿದಿಟ್ಟು ಅದರಲ್ಲಿ ನೆನೆಸಿ, ಅಥವಾ ಫಿಲ್ಟರ್ ನೀರಿನಲ್ಲಿ. ನೆರಳಲ್ಲಿ ಒಣಗಿಸಿ. ಇನ್ವರ್ಟರ್, ಮೋಟಾರು ಇರುವ ಕೋಣೆಯಲ್ಲಿ ಇಡಬೇಡಿ, ಮೋಟಾರಿನ ಕಿಡಿಯಿಂದ ಬರುವ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ.

ಈಗ ನನ್ನ ತೀರ್ಮಾನ. ಫಸ್ಟ್ ಸ್ಟೇಜ್, ಮುಖ್ಯ ಸೆಕೆಂಡ್ ಸ್ಟೇಜ್, ಆಕ್ಟೋಪಸ್ ಮೂರನ್ನೂ ಸರ್ವಿಸ್‌ಗೆ ಕೊಡಿ. ಹಸಿರು ಅಂಚಿನಲ್ಲಿ ಮಾತ್ರ ಇದ್ದರೆ ಹೆದರಬೇಕಾಗಿಲ್ಲ, ಬಿಚ್ಚಿದಾಗ ಒಳಗೆ ಸೀಟ್ ಕೂರುವ ಲೋಹದ ಅಂಚಿನಲ್ಲಿ ಗುಳಿ ಬಿದ್ದಿದೆಯಾ ಅನ್ನುವುದೇ ನಿರ್ಣಾಯಕ. ಗುಳಿ ಇದ್ದರೆ ಅಲ್ಲಿಗೆ ಮುಗಿಯಿತು, ಹೊಸದು ತಗೊಳ್ಳಿ, ಪಾಲಿಶ್ ಮಾಡಿ ಕೊಡುತ್ತೇನೆ ಅಂದರೆ ಒಪ್ಪಬೇಡಿ. ಹೋಸು ನಾಲ್ಕಕ್ಕೆ ನಾಲ್ಕೂ ಬದಲಿಸಿ, ಎರಡು ಬಿರುಕು ಬಿಟ್ಟಿವೆ ಅಂದರೆ ಉಳಿದವೂ ಅದೇ ವಯಸ್ಸಿನವು. ಪ್ರೆಷರ್ ಮೀಟರ್ ಹೊಸದು. ಸೊನ್ನೆ ತೋರಿಸದ ಮೀಟರ್ 50 ಬಾರ್ ಇದೆ ಅಂದಾಗ ನಿಜವಾಗಿ 40 ಇರುತ್ತದೆ, ವಾಪಸ್ ಬರುವ ಹೊತ್ತಿನ ಲೆಕ್ಕವೇ ತಪ್ಪುತ್ತದೆ.

ಜಾಕೆಟ್ ಬಿಟ್ಟುಬಿಡಿ ಸರ್. ರಿಪೇರಿ ಬೇಡ. ಒಳಗಿನ ಲೇಪ ಅಂಟುತ್ತಿದೆ ಅಂದರೆ ಬಟ್ಟೆಯೇ ಬಿಡುತ್ತಿದೆ, ವಾಲ್ವ್ ಬದಲಿಸಿ ಪ್ರಯೋಜನ ಇಲ್ಲ. ಅದಕ್ಕಿಂತ ಭಯ ನನಗೆ ಆ ಇನ್‌ಫ್ಲೇಟರ್ ಗುಂಡಿಯದ್ದು. ನೀರೊಳಗೆ ಅದು ಒತ್ತಿದಲ್ಲೇ ಸಿಕ್ಕಿಕೊಂಡರೆ ಜಾಕೆಟ್ ತಾನೇ ಊದುತ್ತಾ ಹೋಗಿ ಮನುಷ್ಯನನ್ನು ಬಲೂನಿನ ಹಾಗೆ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ರೆಗ್ಯುಲೇಟರ್ ಸುರಿದರೆ ಯೋಚಿಸಲು ಒಂದೆರಡು ನಿಮಿಷ ಇರುತ್ತದೆ, ಇದರಲ್ಲಿ ಅಷ್ಟೂ ಇರುವುದಿಲ್ಲ.

ಕಂಪ್ಯೂಟರಿಗೆ ಸೆಲ್ ಜೊತೆ ಓ-ರಿಂಗೂ ಹೊಸದು ಹಾಕಿ. ಮೊದಲ ಡೈವ್‌ನಲ್ಲಿ ಗೈಡ್‌ನ ಕಂಪ್ಯೂಟರ್ ಪಕ್ಕ ಹಿಡಿದು ಆಳ ಹೋಲಿಸಿ ನೋಡಿ. ಮಗಳಿಗೆ ಬೇರೆಯದೇ ಬೇಕು, ಇಬ್ಬರಿಗೆ ಒಂದು ಅಂತ ನಡೆಯುವುದಿಲ್ಲ. ವೆಟ್‌ಸೂಟ್ ಚಿಂತೆ ಬಿಡಿ, ನೇತ್ರಾಣಿಯ ನೀರು ಬೆಚ್ಚಗಿರುತ್ತದೆ, ಅಲ್ಲಿ ಕೊಡುವುದು ಸಾಕು.

---

ಪಿ.ಜೆ. ಬಡಾವಣೆ, ದಾವಣಗೆರೆ

ನಾನು ಒಪ್ಪುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನಾನೂ ವರ್ಷಕ್ಕೊಮ್ಮೆ ನೇತ್ರಾಣಿಗೆ ಹೋಗುವವನು. ಅಲ್ಲಿ ಪ್ಯಾಕೇಜ್ ದುಡ್ಡಿನಲ್ಲೇ ಪೂರ್ತಿ ಸೆಟ್ ಕೊಡುತ್ತಾರೆ. ವರ್ಷಕ್ಕೆ ಎರಡೋ ನಾಲ್ಕೋ ಡೈವ್‌ಗೆ ನೀವು 11,500 ಸರ್ವಿಸ್, ಮೇಲೆ ಹೋಸು, ಮೀಟರು ಸೇರಿ ಇಪ್ಪತ್ತು ಸಾವಿರದ ಹತ್ತಿರ ಹಾಕುತ್ತೀರಿ. ಮತ್ತೆ ಎರಡು ವರ್ಷಕ್ಕೆ ಅದೇ ಖರ್ಚು. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲದಲ್ಲಿ ಹೇಗೂ ಬಂದ್. ಸೆಟ್ ಮತ್ತೆ ಅಟ್ಟದಲ್ಲೇ ಕೂರುತ್ತದೆ. ದಿನಾ ಉಪಯೋಗಿಸುವ ಬಾಡಿಗೆ ರೆಗ್ಯುಲೇಟರ್ ನಿಮ್ಮದಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿ ಇರಬಹುದು. ಆ ದುಡ್ಡಿನಲ್ಲಿ ಮಗಳಿಗೆ ಒಂದು ಒಳ್ಳೇ ಮಾಸ್ಕು, ಕಂಪ್ಯೂಟರು ಕೊಡಿಸಿ.

---

ವಿದ್ಯಾನಗರದ ಅಪ್ಪ, ದಾವಣಗೆರೆ

ಬೇಜಾರು ಯಾಕೆ ಸರ್, ಲೆಕ್ಕ ಸರಿಯಾಗೇ ಇದೆ. ಮಾಸ್ಕು ಮತ್ತು ಕಂಪ್ಯೂಟರ್ ಮಾತು ಖಂಡಿತ ತಗೊಳ್ಳುತ್ತೇನೆ, ಜಾಕೆಟ್ ಕೂಡ ಇನ್ನು ಮೇಲೆ ಬಾಡಿಗೆಯದ್ದೇ. ಆದರೆ ರೆಗ್ಯುಲೇಟರ್ ಮಾತ್ರ ಸರ್ವಿಸ್‌ಗೆ ಕೊಡುತ್ತೇನೆ. ಬಾಡಿಗೆಯದ್ದು ಯಾವಾಗ ಬಿಚ್ಚಿದ್ದು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇದು ಯಾವ ದಿನ ಯಾರ ಕೈಯಲ್ಲಿ ಬಿಚ್ಚಿದ್ದು, ಏನೇನು ಬದಲಾಯಿತು ಅಂತ ನನಗೇ ಗೊತ್ತಿರುತ್ತದೆ. ಮಗಳ ಬಾಯಿಗೆ ಕೊಡುವಾಗ ಅಷ್ಟು ಗೊತ್ತಿರಬೇಕು ಅನ್ನಿಸುತ್ತದೆ. ಎರಡು ವರ್ಷದ ಆಮೇಲೆ ನಾವು ಹೋಗುವುದು ಕಡಿಮೆ ಆಗಿದ್ದರೆ ಆಗ ನೀವು ಹೇಳಿದ ಹಾಗೆ ಮಾಡುತ್ತೇನೆ.

---

ಸೂಳೆಕೆರೆ ಈಜುಗಾರ, ಚನ್ನಗಿರಿ

ಸರ್ ನಮಸ್ಕಾರ. ನೀವು ಆ ಜಾಕೆಟ್, ಹಳೇ ಪೈಪು ಎಲ್ಲಾ ಬಿಸಾಡುವುದಾದರೆ ನಮಗೆ ಕೊಡುತ್ತೀರಾ. ನಾವು ನಾಲ್ಕು ಜನ ಇದ್ದೇವೆ. ಸೂಳೆಕೆರೆಯಲ್ಲಿ, ಭದ್ರಾ ನಾಲೆಯಲ್ಲಿ ಯಾರಾದರೂ ಮುಳುಗಿದರೆ ಊರಿನವರು ನಮ್ಮನ್ನು ಕರೆಯುತ್ತಾರೆ. ಉಸಿರು ಕಟ್ಟಿ ಮುಳುಗಿ ಕೈಯಲ್ಲೇ ತಡಕಾಡಿ ಹುಡುಕುತ್ತೇವೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಹೆತ್ತವರು ದಡದಲ್ಲಿ ಕೂತಿರುತ್ತಾರೆ ಸರ್. ಸ್ವಲ್ಪ ಹೊತ್ತು ಜಾಸ್ತಿ ಒಳಗೆ ಇರಲು ಆದರೆ ಸಾಕಿತ್ತು.

---

ಕೋಟೆ ಹುಡುಗಿ, ಚಿತ್ರದುರ್ಗ (ಈಗ ಅಂಡಮಾನ್)

ಅಣ್ಣಾ, ನೀವು ಮಾಡುವ ಕೆಲಸ ನಾನು ಮಾಡಲಾರೆ. ಅದಕ್ಕೇ ಇದನ್ನು ಬಿಚ್ಚಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನೀವು ಉಸಿರು ಕಟ್ಟಿ ಮುಳುಗುವಾಗ ಶ್ವಾಸಕೋಶದಲ್ಲಿ ಇರುವುದು ಮೇಲಿನಿಂದ ಒಯ್ದ ಗಾಳಿ. ಕೆಳಗೆ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ, ಶ್ವಾಸಕೋಶ ಒಡೆಯುವ ಅಪಾಯ ಇಲ್ಲ. ಸಿಲಿಂಡರಿನ ಗಾಳಿಯನ್ನು ಕೆಳಗೆ ಎಳೆದುಕೊಂಡರೆ ಹಾಗಲ್ಲ. ಮೇಲೆ ಬರುತ್ತಾ ಅದು ಹಿಗ್ಗುತ್ತದೆ. 10 ಮೀಟರ್‌ನಿಂದ ಬಂದರೆ ಎರಡು ಪಟ್ಟು. ನಿಮಗೆ ಉಸಿರು ಕಟ್ಟಿಯೇ ಅಭ್ಯಾಸ, ಗಾಬರಿಯಲ್ಲಿ ಹಾಗೇ ಕಟ್ಟಿ ಮೇಲೆ ಬಂದರೆ ನಾಲ್ಕೈದು ಅಡಿ ಆಳದಿಂದಲೂ ಶ್ವಾಸಕೋಶ ಒಡೆಯಬಹುದು. ಈಜು ಎಷ್ಟು ಚೆನ್ನಾಗಿ ಬಂದರೂ ಇದಕ್ಕೆ ಬೇರೆಯೇ ತರಬೇತಿ ಬೇಕು. ಸೂಳೆಕೆರೆಯ ಜೊಂಡು, ಬಲೆ, ಕೆಸರಿನ ಕತ್ತಲೆ ನಮ್ಮಂಥ ಕಡಲಿನ ಡೈವರ್‌ಗಳಿಗೂ ಕಷ್ಟ.

ಇನ್ನು ಆ ಜಾಕೆಟ್ ಯಾರಿಗೂ ಕೊಡಬಾರದು. ಸರ್, ನಿಮ್ಮ ಮಗಳಿಗೆ ಬೇಡ ಅಂದದ್ದು ಇನ್ನೊಬ್ಬರ ಮಗನಿಗೂ ಬೇಡ. ನಿಮಗೆ ಕೊಡಲು ಮನಸ್ಸಿದ್ದರೆ ಆ ಮಾಸ್ಕು, ಫಿನ್ಸ್ ಕೊಡಿ. ಉಸಿರು ಕಟ್ಟಿ ಮುಳುಗುವವರಿಗೆ ಅವೆರಡೂ ನಿಜವಾಗಿ ನೆರವಾಗುತ್ತವೆ. ಜೊತೆಗೆ ಅಣ್ಣಾ, ಒಬ್ಬರ ಸೊಂಟಕ್ಕೆ ಹಗ್ಗ ಕಟ್ಟಿ ಅದರ ತುದಿ ದಡದಲ್ಲಿ ಇನ್ನೊಬ್ಬರ ಕೈಯಲ್ಲಿ ಇಲ್ಲದೆ ಇಳಿಯಲೇಬೇಡಿ.

---

ವಿದ್ಯಾನಗರದ ಅಪ್ಪ, ದಾವಣಗೆರೆ

ಆರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಸಹಾಯ ಮಾಡಿದ ಎಲ್ಲರಿಗೂ ವಿಷಯ ತಿಳಿಸದೇ ಇರಬಾರದು.

ರೆಗ್ಯುಲೇಟರ್ ಬಸ್ಸಿನ ಪಾರ್ಸೆಲ್‌ಗೆ ಹಾಕಲು ಮನಸ್ಸಾಗಲಿಲ್ಲ, ಬೆಂಗಳೂರಿಗೆ ನಾನೇ ಒಯ್ದೆ. ಸರ್ವಿಸ್ ಮಾಡಿದ ಹುಡುಗ ಒಳ್ಳೆಯವನು, ಪಕ್ಕದಲ್ಲಿ ಕೂರಿಸಿಕೊಂಡೇ ಬಿಚ್ಚಿದ. ಸೀಟ್ ಕೂರುವ ಅಂಚು ಭೂತಗನ್ನಡಿಯಲ್ಲಿ ತೋರಿಸಿದ, ಗುಳಿ ಇರಲಿಲ್ಲ. ಸೆಕೆಂಡ್ ಸ್ಟೇಜಿನ ಸೀಟ್ ಮೇಲೆ ಮೇಡಂ ಹೇಳಿದಂಥ ಉಂಗುರದ ಗೀರು ಕಣ್ಣಿಗೇ ಕಾಣುತ್ತಿತ್ತು. ಆಕ್ಟೋಪಸ್‌ನ ಡಯಾಫ್ರಮ್ ಅಂಚಿನಲ್ಲಿ ಹರಿದಿತ್ತು. ಎಲ್ಲಾ ಜೋಡಿಸಿದ ಮೇಲೆ ಮೀಟರ್ ಸಿಕ್ಕಿಸಿ ಹತ್ತು ನಿಮಿಷ ಬಿಟ್ಟ, ಮುಳ್ಳು ಒಂದೇ ಕಡೆ ನಿಂತಿತ್ತು. ತೆಗೆದ ಹಳೇ ಭಾಗಗಳನ್ನು ಒಂದು ಕವರಿನಲ್ಲಿ ಹಾಕಿ ಕೊಟ್ಟ. ಕೇಳದೇ ಕೊಟ್ಟ, ಅದು ನನಗೆ ತುಂಬ ಹಿಡಿಸಿತು. ಹೋಸು, ಮೀಟರ್ ಎಲ್ಲಾ ಸೇರಿ 21,300 ಆಯಿತು. ಪಿ.ಜೆ. ಬಡಾವಣೆ ಸರ್ ಅಂದಾಜು ಹೆಚ್ಚುಕಡಿಮೆ ಸರಿಯಾಗಿತ್ತು.

ಹೊಸದಾಗಿ ಸರ್ವಿಸ್ ಆದದ್ದು ಮೊದಲ ಸಲವೇ ಸಮುದ್ರಕ್ಕೆ ಬೇಡ, ಜೋಡಣೆಯಲ್ಲಿ ಏನಾದರೂ ತಪ್ಪಿದ್ದರೆ ಮೊದಲ ಡೈವ್‌ಗಳಲ್ಲೇ ತೋರುತ್ತದೆ ಅಂತ ಆ ಹುಡುಗನೇ ಹೇಳಿದ. ಹಾಗಾಗಿ ಅಲ್ಲೇ ಅವರ ಈಜುಕೊಳದಲ್ಲಿ ಒಂದು ಗಂಟೆ ಇಳಿದು, ಮುಖ್ಯದ್ದರಲ್ಲೂ ಆಕ್ಟೋಪಸ್‌ನಲ್ಲೂ ಉಸಿರಾಡಿ ನೋಡಿದೆ. ಐದು ವರ್ಷ ಆಗಿತ್ತು. ಆ ಸದ್ದು ಮತ್ತೆ ಕಿವಿಗೆ ಬಿದ್ದಾಗ ನೀರೊಳಗೇ ಗಂಟಲು ಕಟ್ಟಿತು.

ಜಾಕೆಟ್ ಕತ್ತರಿಯಿಂದ ನಾಲ್ಕು ಕಡೆ ಕತ್ತರಿಸಿ, ಇನ್‌ಫ್ಲೇಟರ್ ಪೈಪ್ ತುಂಡು ಮಾಡಿಯೇ ಗುಜರಿಗೆ ಕೊಟ್ಟೆ, ಯಾರೂ ಎತ್ತಿಕೊಂಡು ಉಪಯೋಗಿಸದಿರಲಿ ಅಂತ. ಮಾಸ್ಕು, ಫಿನ್ಸ್, ಜೊತೆಗೆ 50 ಮೀಟರ್ ಗಟ್ಟಿ ನೈಲಾನ್ ಹಗ್ಗ ಚನ್ನಗಿರಿ ಬಸ್ಸಿಗೆ ಕೊಟ್ಟು ಕಳಿಸಿದ್ದೇನೆ.

---

ಸೂಳೆಕೆರೆ ಈಜುಗಾರ, ಚನ್ನಗಿರಿ

ತಲುಪಿತು ಸರ್. ಹಗ್ಗ ತುಂಬ ಚೆನ್ನಾಗಿದೆ. ಮೇಡಂ ಹೇಳಿದ ಹಾಗೆ ದಡದಲ್ಲಿ ಒಬ್ಬ ಹಿಡಿಯುವುದು ಅಂತ ನಾವು ನಾಲ್ಕೂ ಜನ ಮಾತಾಡಿಕೊಂಡಿದ್ದೇವೆ. ಎಡಗಾಲಿನ ಫಿನ್ ಪಟ್ಟಿ ಬಕಲ್ ಹತ್ತಿರ ಸೀಳು ಬಿಟ್ಟಿದೆ. ಅದಕ್ಕೆ ಬೇರೆ ಸಿಗುತ್ತದಾ, ಇಲ್ಲಾ ಸೈಕಲ್ ಟ್ಯೂಬ್ ಕಟ್ಟಿದರೆ ನಡೆಯುತ್ತದಾ?

---

ವಿದ್ಯಾನಗರದ ಅಪ್ಪ, ದಾವಣಗೆರೆ

ಟ್ಯೂಬ್ ಕಟ್ಟಬೇಡಿ, ಕೆಸರಿನಲ್ಲಿ ಕಳಚಿಕೊಳ್ಳುತ್ತದೆ. ಪಟ್ಟಿ ಬೇರೆಯಾಗಿ ಸಿಗುತ್ತದೆ. ಮುಂದಿನ ವಾರ ಮಗಳ ಮಾಸ್ಕ್ ತರಲು ಬೆಂಗಳೂರಿಗೆ ಹೋಗುತ್ತಿದ್ದೇನೆ, ಒಂದು ಜೊತೆ ತರುತ್ತೇನೆ. ಅಲ್ಲಿಯವರೆಗೆ ಆ ಫಿನ್ ಹಾಕಬೇಡಿ.